ಬೀದರ್‌ನಲ್ಲಿ ಒಂದೇ ದಿನ ಇದ್ದರೆ ಯಾವ ಕಟ್ಟಡ ನೋಡಬೇಕು?

ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗುವುದಾದರೆ ಬೀದರ್‌ನಲ್ಲಿ ಏನೇನು ನೋಡಬಹುದು, ಕೋಟೆ ಒಂದೇ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನಾನು ಇದೇ ಊರಿನವನು, ಕೋಟೆ ಎಂದರೆ ನನಗೂ ಪ್ರೀತಿಯೇ. ಆದರೆ ಬಂದವರು ಅರ್ಧ ದಿನ ಕೋಟೆ ಗೋಡೆ ಮೇಲೆ ಫೋಟೋ ತೆಗೆದುಕೊಂಡು, ಬಿಸಿಲಿಗೆ ಸುಸ್ತಾಗಿ, ಬಹಮನಿ ಸುಲ್ತಾನರ ಸಮಾಧಿಗಳಿರುವ ಅಷ್ಟೂರನ್ನು ನೋಡದೆ ಬಸ್ ಹತ್ತುವಾಗ ತುಂಬಾ ಬೇಜಾರಾಗುತ್ತದೆ.

ಒಂದು ವಿಷಯ ತಲೆಯಲ್ಲಿಟ್ಟುಕೊಂಡು ಬನ್ನಿ. ಈಗ ಬರೀ ಕೆಂಪು ಕಲ್ಲು, ಉದುರಿದ ಗಾರೆ ಎಂದು ಕಾಣುವ ಇಲ್ಲಿನ ಎಷ್ಟೋ ಕಟ್ಟಡಗಳಿಗೆ ಒಂದು ಕಾಲಕ್ಕೆ ನೀಲಿ, ಹಳದಿ, ಬಿಳಿ ಟೈಲ್ಸ್ ಕೂರಿಸಿದ್ದರು. ಇರಾನ್ ಕಡೆಯಿಂದ ಬಂದ ಕಲೆ ಅದು. ಆ ಬಣ್ಣ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕುತ್ತಾ ಓಡಾಡಿ, ಊರೇ ಬೇರೆಯಾಗಿ ಕಾಣುತ್ತದೆ.

ಮೊದಲು ಮಹಮೂದ್ ಗವಾನ್ ಮದರಸಾಕ್ಕೆ ಹೋಗಿ. ಅದರ ಮುಂಭಾಗ ಪೂರ್ವಕ್ಕಿದೆ, ಹಾಗಾಗಿ ಬೆಳಗಿನ ಬಿಸಿಲು ನೇರವಾಗಿ ಟೈಲ್ಸ್ ಮೇಲೆ ಬೀಳುತ್ತದೆ. ಗವಾನ್ ಇರಾನಿನ ಗಿಲಾನ್ ಪ್ರದೇಶದಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಮೂರು ಅಂತಸ್ತಿನ ಈ ಕಾಲೇಜು ಕಟ್ಟಿಸಿದ. ದೊಡ್ಡ ಪುಸ್ತಕ ಭಂಡಾರ, ಪಾಠದ ಕೋಣೆಗಳು, ಓದುವವರು ಉಳಿಯುವುದಕ್ಕೆ ರೂಮು, ಎಲ್ಲವೂ ಇಲ್ಲಿದ್ದವು. ಒಂಬತ್ತೇ ವರ್ಷದಲ್ಲಿ, 1481ರಲ್ಲಿ, ಯಾರೋ ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನ ಅವನನ್ನು ಕೊಲ್ಲಿಸಿದ. ಮುಂದೆ 17ನೇ ಶತಮಾನದ ಕೊನೆಗೆ ಆದ ಸ್ಫೋಟದಲ್ಲಿ ಮುಂಭಾಗದ ಒಂದು ಕಡೆ ಕುಸಿಯಿತು. ಈಗ ಒಂದೇ ಮಿನಾರು ನಿಂತಿದೆ. ಅದರ ಮೇಲಿನ ಅಂಕುಡೊಂಕು ಪಟ್ಟಿಗಳನ್ನು, ಪಕ್ಕದ ಗೋಡೆಯ ಮೇಲೆ ಉಳಿದ ಅಕ್ಷರಗಳನ್ನು ನಿಧಾನವಾಗಿ ನೋಡಿ.

ಅಲ್ಲಿಂದ ಕೋಟೆ ಹತ್ತಿರವೇ ಇದೆ. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ದಾಟಿ ಒಳಗೆ ಹೋದರೆ ರಂಗೀನ್ ಮಹಲ್. ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಅಲ್ಲೇ ಇರುವ ಮ್ಯೂಸಿಯಂ ಸಿಬ್ಬಂದಿಯನ್ನು ಕೇಳಿ, ಸುಮ್ನೆ ಹೊರಗಿನಿಂದ ನೋಡಿ ಹೋಗಬೇಡಿ. ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಬಳ್ಳಿ, ಹೂವಿನ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದಾರೆ. ನಮ್ಮ ಬಿದ್ರಿ ಕೆಲಸದಲ್ಲಿ ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸುತ್ತಾರಲ್ವಾ, ಅದೇ ಕಣ್ಣು, ಅದೇ ಕೈ ಅಂತ ನನಗೆ ಅನಿಸುತ್ತದೆ. ಮರದ ಕಂಬಗಳ ಕೆತ್ತನೆಯೂ ಚೆನ್ನಾಗಿದೆ. ಪಕ್ಕದ ಸೋಲಾ ಖಂಬಾ ಮಸೀದಿ ಊರಿನ ಹಳೆಯ ಕಟ್ಟಡಗಳಲ್ಲಿ ಒಂದು. ದಪ್ಪ ಗುಂಡು ಕಂಬಗಳ ಸಾಲಿನ ನಡುವೆ ನಡೆದರೆ ಬಿಸಿಲೆಲ್ಲ ಮರೆತುಹೋಗುತ್ತದೆ. ಉಳಿದ ಮಹಲುಗಳನ್ನು ಬೇಗ ಬೇಗ ನೋಡಿ.

ಊಟ ಮುಗಿಸಿ ಅಷ್ಟೂರಿಗೆ ಹೊರಡಿ. ಊರಿನಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಆಗಬಹುದು. ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಎಂಬ ಸೂಫಿ ಸಂತರ ಸಮಾಧಿ ಸಿಗುತ್ತದೆ, ಬಾಗಿಲ ಮೇಲೆ ಕಪ್ಪು ಕಲ್ಲಿನಲ್ಲಿ ಕೆತ್ತಿದ ಬರಹ ನೋಡಲು ಐದು ನಿಮಿಷ ನಿಲ್ಲಿ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಅಹ್ಮದ್ ಶಾ ವಲಿಯ ಸಮಾಧಿಯ ಒಳಗೆ ಹೋಗಿ ತಲೆ ಎತ್ತಿ ನೋಡಿ. ಗೋಡೆ, ಗುಂಬಜ್ ಎಲ್ಲ ಕೆಂಪು, ನೀಲಿ, ಚಿನ್ನದ ಬಣ್ಣದ ಚಿತ್ರ ಮತ್ತು ಬರಹ. ಒಳಗೆ ಕತ್ತಲು ಜಾಸ್ತಿ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ, ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಈ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ನನ್ನ ಪಾಲಿಗೆ ಬೀದರ್ ಎಂದರೆ ಇದೇ.

ಪಕ್ಕದಲ್ಲೇ ಹುಮಾಯೂನ್ ಸುಲ್ತಾನನ ಸಮಾಧಿ. ಸಿಡಿಲು ಬಡಿದು ಅದರ ಗುಂಬಜ್ ಅರ್ಧ ಕುಸಿದಿದೆ. ಗೋಡೆ ಎಷ್ಟು ದಪ್ಪ, ಗುಂಬಜ್ ಹೇಗೆ ಕಟ್ಟಿದ್ದಾರೆ ಅನ್ನುವುದು ಅಲ್ಲಿ ಬಿಚ್ಚಿಟ್ಟಂತೆ ಕಾಣುತ್ತದೆ. ಕಟ್ಟಡಗಳ ಬಗ್ಗೆ ಆಸಕ್ತಿ ಇರುವವರು ಇದನ್ನು ನೋಡಲೇಬೇಕು.

ಸಂಜೆಗೆ ಊರಿನ ಇನ್ನೊಂದು ಕಡೆ, ಪಶ್ಚಿಮಕ್ಕೆ, ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಸುಲ್ತಾನರ ಗುಂಬಜ್‌ಗಳಿಗೆ ಬನ್ನಿ. ಅಲಿ ಬರೀದನ ಸಮಾಧಿ ನಾಲ್ಕೂ ಕಡೆ ತೆರೆದಿದೆ, ಗಾಳಿ ಬೆಳಕು ಧಾರಾಳ. ಒಳಗಿನ ಕಮಾನುಗಳ ಮೇಲೆ ಬಣ್ಣದ ಟೈಲ್ಸ್ ಇನ್ನೂ ಉಳಿದಿವೆ. ಸುತ್ತ ಪಾರ್ಕ್ ಇದೆ, ಮಕ್ಕಳಿದ್ದರೆ ಅನುಕೂಲ.

ಆಟೋದವರ ಹತ್ತಿರ ಅಷ್ಟೂರಿಗೆ ಹೋಗಿ, ಅಲ್ಲಿ ಕಾದು, ವಾಪಸ್ ಬಿಡುವುದಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ, ಅಲ್ಲಿಂದ ಬರುವಾಗ ಗಾಡಿ ಸಿಗುವುದು ಕಷ್ಟ. ಸಮಯ ಕಡಿಮೆ ಬಿದ್ದರೆ ಕೋಟೆಯಲ್ಲಿ ಒಂದು ಗಂಟೆ ಕಡಿಮೆ ಮಾಡಿ, ಅಷ್ಟೂರನ್ನು ಮಾತ್ರ ಬಿಡಬೇಡಿ.