ಅಮೆರಿಕದಲ್ಲಿ ಮ್ಯಾಗಜಿನ್ ‘ರಿನ್ಯೂವಲ್’ ಬಿಲ್ ಬಂದಿದೆ, ನಾನು ಕಟ್ಟಬೇಕಾ?

ಸದ್ಯಕ್ಕೆ ಕಟ್ಟಬೇಡಿ. ಮೊದಲು ಮನೆಗೆ ಬಂದ ಹಳೇ ಸಂಚಿಕೆಯ ಮೇಲಿರುವ ವಿಳಾಸದ ಚೀಟಿ ನೋಡಿ. ಎಷ್ಟೋ ಪತ್ರಿಕೆಗಳು ಚಂದಾ ಮುಗಿಯುವ ತಿಂಗಳು, ವರ್ಷವನ್ನು ಅಲ್ಲೇ ಅಚ್ಚು ಹಾಕಿರುತ್ತವೆ. ಇನ್ನೂ ಒಂದು ವರ್ಷ ಬಾಕಿ ಇದ್ದರೆ ಈ ಬಿಲ್ಲಿನ ಮೇಲೆ ಅನುಮಾನ ಪಡಲೇಬೇಕು, ಅಲ್ವಾ?

ಪತ್ರಿಕೆಗೆ ಸಂಬಂಧವೇ ಇಲ್ಲದ ಮಧ್ಯವರ್ತಿಗಳು ಇಂಥ ಕಾಗದ ಕಳಿಸಿ, ಜಾಸ್ತಿ ದುಡ್ಡು ಕೀಳುತ್ತಾರೆ. 2016ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಒರೆಗಾನ್ ರಾಜ್ಯದ ಇಂಥದ್ದೇ ಒಂದು ಜಾಲದ ಮೇಲೆ ಕೇಸು ಹಾಕಿತ್ತು. ಬಿಲ್ಲಿನಂತೆ ಕಾಣುವ ಜಾಹೀರಾತಿನ ಮೇಲೆ ‘ಇದು ಬಿಲ್ ಅಲ್ಲ’ ಅಂತ ದೊಡ್ಡದಾಗಿ ಬರೆದಿರಬೇಕು ಎಂಬ ನಿಯಮ ಅಮೆರಿಕದಲ್ಲಿದೆ. ಬರೆದಿದ್ದರೂ ಅವಸರದಲ್ಲಿ ಯಾರು ಓದುತ್ತಾರೆ ಹೇಳಿ! ನವೀಕರಿಸುವುದಿದ್ದರೆ ಪತ್ರಿಕೆಯ ಒಳಪುಟದಲ್ಲಿರುವ ಫೋನ್ ನಂಬರಿಗೇ ಕರೆ ಮಾಡಿ, ಬಿಲ್ಲಿನಲ್ಲಿರುವುದಕ್ಕೆ ಬೇಡ.

ಕೇಳದೆಯೇ ಪತ್ರಿಕೆ ಅಂಚೆಯಲ್ಲಿ ಬಂತಾ? ಸುಮ್ನೆ ಇಟ್ಟುಕೊಳ್ಳಿ. ಅಲ್ಲಿನ ಕಾನೂನಿನ ಪ್ರಕಾರ ಅದು ಉಡುಗೊರೆ ಇದ್ದಂತೆ, ದುಡ್ಡು ಕೇಳುವ ಹಾಗಿಲ್ಲ.

ಕ್ರೆಡಿಟ್ ಕಾರ್ಡಿನಿಂದ ಈಗಾಗಲೇ ದುಡ್ಡು ಹೋಗಿದ್ದರೆ ಬ್ಯಾಂಕಿಗೆ ಫೋನ್ ಮಾಡಿ, ಜೊತೆಗೆ ಪತ್ರವನ್ನೂ ಬರೆಯಿರಿ. ಆ ಮೊತ್ತ ಇರುವ ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನಗಳೊಳಗೆ ಪತ್ರ ತಲುಪಬೇಕು. ಹಣ ಕಟ್ಟುವ ವಿಳಾಸಕ್ಕಲ್ಲ, ಬಿಲ್ಲಿನ ತಕರಾರಿಗೆಂದೇ ಕೊಟ್ಟಿರುವ ವಿಳಾಸಕ್ಕೆ. ತನಿಖೆ ಮುಗಿಯುವ ತನಕ ತಕರಾರಿನ ಮೊತ್ತವನ್ನಷ್ಟೇ ಕಟ್ಟದೆ ತಡೆಹಿಡಿಯಬಹುದು, ಉಳಿದದ್ದನ್ನು ಕಟ್ಟಲೇಬೇಕು.