ಓದುಗರ ಪ್ರಶ್ನೆ: ಮ್ಯೂಸಿಯಂಗೆ ಟಿಕೆಟ್ ಇಡೋದಾ, ಲೈಬ್ರರಿ ಮುಚ್ಚೋದಾ?

ಪ್ರಶ್ನೆ: ಮೇಡಂ, ನಾವು ದಾವಣಗೆರೆ ಕಡೆಯವರು, ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದೀವಿ. ಇಲ್ಲಿ ಮ್ಯೂಸಿಯಂ, ಲೈಬ್ರರಿ, ಈಜುಕೊಳ, ಜಿಮ್ ಎಲ್ಲಾ ನಡೆಸೋದು ಗ್ಲಾಸ್ಗೋ ಲೈಫ್ ಅನ್ನೋ ಚಾರಿಟಿ. ದುಡ್ಡು ಸಾಲ್ತಿಲ್ಲ, ಮುಂದೆ ಹೇಗೆ ಅಂತ ಎಲ್ಲಾ ಕಡೆ ಮಾತು. ಕೆಲವರು ಮ್ಯೂಸಿಯಂಗೆ ಟಿಕೆಟ್ ಇಡಿ ಅಂತಾರೆ, ಕೆಲವರು ಚಿಕ್ಕ ಲೈಬ್ರರಿ ಮುಚ್ಚಿ ಅಂತಾರೆ. ನಮ್ಮ ಅಭಿಪ್ರಾಯ ಕೇಳಿದ್ರೆ ಏನ್ ಬರೀಲಿ? (ಗ್ಲಾಸ್ಗೋದ ಒಬ್ಬ ಓದುಗರು)

ಉತ್ತರ: ಎರಡೂ ಬೇಡ ಅಂತ ಬರೀರಿ, ಸಂಕೋಚ ಬೇಡ. ಕೆಲ್ವಿನ್‌ಗ್ರೋವ್ ಮ್ಯೂಸಿಯಂ ನೋಡಿರ್ತೀರಲ್ವಾ, 1901ರಲ್ಲಿ ಶುರುವಾಗಿದ್ದು. ಅಲ್ಲಿ ಸರ್ ರೋಜರ್ ಅಂತ ಒಂದು ಏಷ್ಯಾದ ಆನೆ ಇದೆ, ಸತ್ತ ಮೇಲೆ ಚರ್ಮ ಹದಮಾಡಿ ಬದುಕಿದ್ದ ಹಾಗೇ ನಿಲ್ಲಿಸಿರೋದು, ಅದರ ಮೇಲ್ಗಡೆ ಸ್ಪಿಟ್‌ಫೈರ್ ಯುದ್ಧವಿಮಾನ ತೂಗು ಹಾಕಿದಾರೆ. ಸ್ಕೂಲಿಂದ ಬರ್ತಾ ಮಗು ಆನೆ ನೋಡೋಣ ಅಂದ್ರೆ ಒಳಗೆ ಹೋಗಿ ಹತ್ತು ನಿಮಿಷ ನೋಡ್ಕೊಂಡು ಮನೆಗೆ ಬರ್ಬಹುದು, ಮುಂದಿನ ವಾರ ಮತ್ತೆ ಹೋಗ್ಬಹುದು, ಮಧ್ಯಾಹ್ನ ಆದ್ರೆ ಅಲ್ಲೇ ಕೂತು ಆರ್ಗನ್ ವಾದ್ಯದ ಸಂಗೀತ ಕೇಳ್ಬಹುದು, ಇದೆಲ್ಲಾ ಫ್ರೀ ಇರೋದಕ್ಕೇ ಸಾಧ್ಯ. ಟಿಕೆಟ್ ಇಟ್ರೆ ಕೊಟ್ಟ ದುಡ್ಡಿಗೆ ಎಲ್ಲಾ ನೋಡ್ಲೇಬೇಕು ಅಂತ ವರ್ಷಕ್ಕೊಂದು ಸಲ ಹೋಗೋ ಜಾಗ ಆಗುತ್ತೆ, ಮೂರು ಮಕ್ಕಳಿರೋ ಬಡವರ ಮನೆಯವರಿಗೆ ಅದೂ ಇಲ್ಲ. ದುಡ್ಡು ಬೇಕು ನಿಜ, ಅದಕ್ಕೆ ವಿಶೇಷ ಪ್ರದರ್ಶನದ ಟಿಕೆಟ್, ಕೆಫೆ, ಹಾಲ್ ಬಾಡಿಗೆ ಇವೆಲ್ಲಾ ಇದೆ. ಕಲಾವಿದ ಡಾಲಿ ಬರೆದ ಶಿಲುಬೆ ಕ್ರಿಸ್ತನ ಚಿತ್ರವನ್ನ ಗ್ಲಾಸ್ಗೋ 1952ರಲ್ಲಿ 8,200 ಪೌಂಡ್ ಕೊಟ್ಟು ತಗೊಂಡಾಗ ಆರ್ಟ್ ಸ್ಟೂಡೆಂಟ್‌ಗಳೇ ವಿರೋಧ ಮಾಡಿದ್ರು, ಆದ್ರೆ ಕಾಪಿರೈಟ್ ಸಮೇತ ತಗೊಂಡಿದ್ರಿಂದ ಆ ಚಿತ್ರ ಅಚ್ಚಾದಾಗೆಲ್ಲಾ ಊರಿಗೆ ವರಮಾನ ಬಂತು. ಅಂಥ ದೂರದ ಯೋಚನೆ ಮಾಡ್ಲಿ, ಬಾಗಿಲಲ್ಲಿ ನಿಂತು ಕಾಸು ಕೇಳೋದು ಬೇಡ.

ಇನ್ನು ಲೈಬ್ರರಿ. ನನಗೆ ಜಾಸ್ತಿ ಚಿಂತೆ ಇರೋದು ಇದ್ರ ಬಗ್ಗೆನೇ. 1901ರಲ್ಲಿ ಆಂಡ್ರ್ಯೂ ಕಾರ್ನೆಗಿ 1 ಲಕ್ಷ ಪೌಂಡ್ ಕೊಟ್ಟು ಗ್ಲಾಸ್ಗೋದ ಬಡಾವಣೆ ಬಡಾವಣೆಗೆ ಲೈಬ್ರರಿ ಬರೋ ಹಾಗೆ ಮಾಡಿದ್ರು, ಕೆಲವು ಕಟ್ಟಡಗಳು ಇವತ್ತಿಗೂ ಓದೋರಿಂದ ತುಂಬಿರ್ತವೆ. ಬರೀ ಪುಸ್ತಕ ಅಲ್ಲ, ಸರ್ಕಾರದ ಭತ್ಯೆಗೆ ಆನ್‌ಲೈನ್ ಅರ್ಜಿ ಹಾಕ್ಬೇಕಾದವ್ರಿಗೆ ಕಂಪ್ಯೂಟರ್ ಅಲ್ಲೇ ಸಿಗೋದು, ಎಳೇ ಮಕ್ಕಳನ್ನ ಮಡಿಲಲ್ಲಿ ಕೂರಿಸ್ಕೊಂಡು ಹಾಡು ಹೇಳಿಸೋ ಬುಕ್‌ಬಗ್ ಕೂಡ ಅಲ್ಲೇ, ಹೊಸದಾಗಿ ಬಂದ ನಮ್ಮಂಥ ತಾಯಂದಿರಿಗೆ ಮೊದಲ ಪರಿಚಯ ಆಗೋದೇ ಇಂಥ ಕಡೆ. ಕೋವಿಡ್ ಆದ್ಮೇಲೆ ವೈಟಿಂಚ್, ಮೇರಿಹಿಲ್ ಥರದ ಲೈಬ್ರರಿಗಳು ತೆರೀಲೇ ಇಲ್ಲ, ಜನ ಬೀದಿಗಿಳಿದು ಕೇಳಿದ್ರು, ಆಮೇಲೆ ಸ್ಕಾಟ್ಲೆಂಡ್ ಸರ್ಕಾರದ ಪರಿಹಾರ ನಿಧಿಯಿಂದ ದುಡ್ಡು ಬಂದು ಬಾಗಿಲು ತೆರೆದ್ವು. ಅದು ಒಂದು ಸಲದ ದುಡ್ಡು. ಹಾಗಾಗಿ ನೀವು ಕೇಳ್ಬೇಕಾಗಿರೋದು ಇಷ್ಟು: ನಮ್ಮ ಲೈಬ್ರರಿ ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತೆ, ಎಷ್ಟು ಜನ ಸಿಬ್ಬಂದಿ ಇರ್ತಾರೆ, ಇದು ಕಾಯಂ ಬಜೆಟ್‌ನಲ್ಲಿ ಇದೆಯಾ ಇಲ್ವಾ?

ಇನ್ನೊಂದು ಕೇಳಿ, ಸೂರಿನ ರಿಪೇರಿ ಯಾರದ್ದು ಅಂತ. ಕಟ್ಟಡಗಳೂ ಸಂಗ್ರಹಗಳೂ ಸಿಟಿ ಕೌನ್ಸಿಲ್‌ದು, ಅಂದ್ರೆ ಅಲ್ಲಿನ ನಗರಪಾಲಿಕೆದು, ನಡೆಸೋದು ಚಾರಿಟಿ. ಬರೆಲ್ ಕಲೆಕ್ಷನ್ ಅನ್ನೋ ಮ್ಯೂಸಿಯಂದು 1983ರ ಕಟ್ಟಡ, ಸೂರು ಸೋರ್ತಾ ಸೋರ್ತಾ 2016ರಲ್ಲಿ ಮುಚ್ಚಬೇಕಾಯ್ತು, 2022ರಲ್ಲಿ ಮತ್ತೆ ತೆರೆಯೋ ಹೊತ್ತಿಗೆ ಖರ್ಚು 6.8 ಕೋಟಿ ಪೌಂಡ್ ಮೀರಿತ್ತು. ಪೀಪಲ್ಸ್ ಪ್ಯಾಲೇಸ್ ಅನ್ನೋ ಇನ್ನೊಂದು ಮ್ಯೂಸಿಯಂ ಹಿಂದಿನ ಗಾಜಿನಮನೆ, ನಮ್ಮ ಲಾಲ್‌ಬಾಗ್‌ದು ನೆನಪಾಗೋ ಅಂಥದ್ದು, 2018ರ ಕೊನೆಗೆ ಸುರಕ್ಷಿತ ಅಲ್ಲ ಅಂತ ಬೀಗ ಬಿತ್ತು. ವರ್ಷಾ ವರ್ಷ ಸ್ವಲ್ಪ ಸ್ವಲ್ಪ ರಿಪೇರಿಗೆ ತೆಗೆದಿಡದೇ ಇರೋ ಪ್ಲಾನ್ ಎಷ್ಟೇ ಚೆನ್ನಾಗಿ ಪ್ರಿಂಟ್ ಆಗಿದ್ರೂ ಒಪ್ಕೋಬೇಡಿ.

ಪ್ರಶ್ನೆ: ಕೌನ್ಸಿಲ್ ತಾನೇ ನಡೆಸೋದು ಬಿಟ್ಟು ಚಾರಿಟಿ ಯಾಕೆ ಮಾಡ್ತಾರೆ? ನಮ್ಮ ನಗರಪಾಲಿಕೆಗಳೂ ಹಾಗೆ ಮಾಡ್ಬಹುದಾ? (ಮೈಸೂರಿನ ಓದುಗರು)

ಉತ್ತರ: ಮುಖ್ಯ ಕಾರಣ ತೆರಿಗೆ. ಚಾರಿಟಿ ಅಂತಾದ್ರೆ ಅಲ್ಲಿ ಕಟ್ಟಡದ ತೆರಿಗೆಯಲ್ಲಿ ಶೇ. 80 ರಿಯಾಯ್ತಿ ಸಿಗುತ್ತೆ, ದಾನಿಗಳ ಹತ್ರ, ಟ್ರಸ್ಟ್‌ಗಳ ಹತ್ರ ಕೇಳೋದೂ ಸುಲಭ. 2007ರಲ್ಲಿ ಗ್ಲಾಸ್ಗೋ ಹೀಗೆ ಶುರು ಮಾಡ್ತು. ಆದ್ರೆ ಚಾರಿಟಿ ಆದ ಮಾತ್ರಕ್ಕೆ ಸ್ವಂತ ಕಾಲ ಮೇಲೆ ನಿಲ್ಲುತ್ತೆ ಅಂದ್ಕೋಬೇಡಿ. ಕೋವಿಡ್‌ನಲ್ಲಿ ಜಿಮ್, ಈಜುಕೊಳ ಎಲ್ಲಾ ಬಂದ್ ಆಗಿ ವರಮಾನ ನಿಂತಾಗ, 2021ರಲ್ಲಿ ಕೌನ್ಸಿಲ್ಲೇ ನಾಲ್ಕು ವರ್ಷ ವರ್ಷಕ್ಕೆ 10 ಕೋಟಿ ಪೌಂಡ್ ಗ್ಯಾರಂಟಿ ಕೊಡ್ಬೇಕಾಯ್ತು, ಆಗಲೂ ಎಲ್ಲಾ ಜಾಗ ತೆರೆಯೋಕೆ ಅದು ಸಾಲ್ಲಿಲ್ಲ. ಆ ಕೌನ್ಸಿಲ್‌ಗೂ ಕಷ್ಟ ಇದೆ, ಮಹಿಳಾ ನೌಕರರ ಸಮಾನ ವೇತನದ ಬಾಕಿ ತೀರಿಸೋಕೆ ಕೆಲವು ಕಟ್ಟಡಗಳನ್ನ ತನ್ನದೇ ಇನ್ನೊಂದು ಕಂಪನಿಗೆ ಮಾರಿ ಬಾಡಿಗೆಗೆ ತಗೊಂಡಿದೆ. ಆ ಹೆಣ್ಮಕ್ಕಳಿಗೆ ಸಿಗ್ಬೇಕಾಗಿದ್ದು ನ್ಯಾಯವಾದ ದುಡ್ಡೇ, ಅದ್ರಲ್ಲಿ ಎರಡು ಮಾತಿಲ್ಲ.

ನಮ್ಮಲ್ಲಿ ದಾರಿ ಬೇರೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಶೇ. 6 ಗ್ರಂಥಾಲಯ ಕರ ನೀವು ಕಟ್ತಾನೇ ಇದೀರಿ, ರಸೀದಿ ತೆಗೆದು ನೋಡಿ. ತೊಂದರೆ ಏನಂದ್ರೆ ವಸೂಲಿ ಮಾಡಿದ ಕರ ಲೈಬ್ರರಿಗಳಿಗೆ ಪೂರ್ತಿ ತಲುಪಲ್ಲ, ಬಾಕಿ ಉಳಿಯುತ್ತೆ. ಹೊಸ ಚಾರಿಟಿ ಕಟ್ಟೋಕೆ ಮುಂಚೆ ನಿಮ್ಮ ಪಾಲಿಕೆಗೆ ಒಂದು ಆರ್‌ಟಿಐ ಹಾಕಿ, ಎಷ್ಟು ವಸೂಲಿ ಆಯ್ತು ಎಷ್ಟು ಕೊಟ್ರಿ ಅಂತ ಕೇಳಿ.

ಪ್ರಶ್ನೆ: ಹೈದರಾಬಾದ್ ನಿಜಾಮರ ಕತ್ತಿ ಗ್ಲಾಸ್ಗೋದಲ್ಲಿತ್ತು, ವಾಪಸ್ ಕೊಡ್ತಾರೆ ಅಂತ ಓದಿದ್ದೆ, ನಿಜಾನಾ? (ಕಲಬುರಗಿಯ ಓದುಗರು)

ಉತ್ತರ: ನಿಜ. ನಿಮ್ಮೂರೂ ಅದೇ ನಿಜಾಮರ ಸಂಸ್ಥಾನದಲ್ಲಿತ್ತಲ್ಲ, ಕುತೂಹಲ ಸಹಜ. ಆ ಕತ್ತಿ 1905ರಲ್ಲಿ ನಿಜಾಮರ ಸಂಗ್ರಹದಿಂದ ಕಳವಾಗಿ, ಒಬ್ಬ ಬ್ರಿಟಿಷ್ ಜನರಲ್ ಕೈಗೆ ಮಾರಾಟ ಆಗಿ, ಕೊನೆಗೆ ದಾನವಾಗಿ ಮ್ಯೂಸಿಯಂ ಸೇರಿತ್ತು. 2022ರ ಆಗಸ್ಟ್‌ನಲ್ಲಿ ಕೆಲ್ವಿನ್‌ಗ್ರೋವ್‌ನಲ್ಲೇ ಸಮಾರಂಭ ಮಾಡಿ ಇದೂ ಸೇರಿ ಏಳು ವಸ್ತುಗಳ ಮಾಲೀಕತ್ವವನ್ನ ಭಾರತಕ್ಕೆ ಬರ್ಕೊಟ್ರು, ಉಳಿದವು ದೇವಸ್ಥಾನ, ಗುಡಿಗಳಿಂದ ಕಿತ್ಕೊಂಡು ಹೋಗಿದ್ದ ವಸ್ತುಗಳು. ಇಂಥ ಕೆಲಸ ಹಳೇ ರಿಜಿಸ್ಟರ್ ತೆಗೆದು ಯಾವ ವಸ್ತು ಯಾರಿಂದ ಯಾವಾಗ ಬಂತು ಅಂತ ಹುಡುಕೋ ಕ್ಯುರೇಟರ್‌ಗಳಿಂದ ಆಗೋದು. ಗ್ಲಾಸ್ಗೋದ ಓದುಗರೇ, ನಿಮ್ಮ ಅಭಿಪ್ರಾಯದ ಪತ್ರದಲ್ಲಿ ಇದನ್ನೂ ಒಂದು ಸಾಲು ಸೇರಿಸಿ, ಖರ್ಚು ಉಳಿಸೋಕೆ ಅಂತ ಆ ಹುದ್ದೆಗಳನ್ನ ತೆಗೀಬೇಡಿ ಅಂತ.