ಓದುಗರ ಪ್ರಶ್ನೆ: ಕೆರೆಯ ಅಂತರಗಂಗೆ ಗೊಬ್ಬರಕ್ಕೆ ಆದೀತೇ?

ಪ್ರಶ್ನೆ: ಪಟ್ಟಣದ ಚರಂಡಿ ನೀರು ಸೇರುವ ನಮ್ಮೂರ ಕೆರೆಯಲ್ಲಿ ನೇರಳೆ ಹೂವಿನ ಅಂತರಗಂಗೆ ತುಂಬಿಕೊಂಡಿತ್ತು. ಜೆಸಿಬಿಯಿಂದ ಎತ್ತಿಸಿ ದಂಡೆಯ ಮೇಲೆ ರಾಶಿ ಹಾಕಿದ್ದಾರೆ. ಈ ಗಿಡ ನೀರಿನ ವಿಷ ಹೀರುತ್ತದೆ ಅನ್ನುತ್ತಾರೆ, ನಿಜವೇ? ಕೊಳೆಸಿ ಟೊಮೆಟೊಗೆ ಹಾಕಬಹುದೇ? (ಹೊಸಕೋಟೆಯ ರೈತರೊಬ್ಬರು)

ಉತ್ತರ: ಹೀರುವುದು ನಿಜ. ಅದಕ್ಕಾಗಿಯೇ ಗೊಬ್ಬರದ ಮಾತಿನಲ್ಲಿ ಅವಸರ ಬೇಡ.

ಒಂದು ಗಿಡ ಎತ್ತಿ ಬೇರು ನೋಡಿ, ಹಕ್ಕಿಯ ಗರಿಯಂಥ ಕಪ್ಪು ಕುಚ್ಚು. ಆ ಎಳೆಗಳ ಕೋಶಭಿತ್ತಿಯಲ್ಲಿರುವ ಅಂಟು ಪದಾರ್ಥ ಪೆಕ್ಟಿನ್‌ಗೆ ಋಣ ವಿದ್ಯುದಾವೇಶವಿದೆ. ನೀರಿನಲ್ಲಿ ಕರಗಿದ ಸೀಸ, ತಾಮ್ರದ ಧನ ಅಯಾನುಗಳು (ಧನ ಆವೇಶದ ಕಣಗಳು) ಮೊದಲು ಅಲ್ಲಿ ಅಂಟಿಕೊಳ್ಳುತ್ತವೆ. ಒಳಕ್ಕೆ ನುಗ್ಗುವುದು ಆಮೇಲೆ. ಸತು, ಕಬ್ಬಿಣ, ಕ್ಯಾಲ್ಸಿಯಂಗೆಂದು ಇರುವ ಬಾಗಿಲಲ್ಲೇ ಕ್ಯಾಡ್ಮಿಯಂ ನುಸುಳುತ್ತದೆ, ರಂಜಕದ ಬಾಗಿಲಲ್ಲಿ ಆರ್ಸೆನಿಕ್. ಒಳಬಂದ ಕ್ಯಾಡ್ಮಿಯಂ ಅನ್ನು ಗಂಧಕವಿರುವ ಫೈಟೊಕೆಲಾಟಿನ್ ಎಂಬ, ಪ್ರೋಟೀನ್ ತುಣುಕಿನಂಥ ಪುಟ್ಟ ಪೆಪ್ಟೈಡ್‌ಗಳು ಹಿಡಿದು ಕಟ್ಟುತ್ತವೆ; ಆ ಗಂಟನ್ನು ಗಿಡ ಜೀವಕೋಶದ ರಸದಾನಿಯಲ್ಲಿ, ಅಂದರೆ ಒಳಗಿನ ರಸದ ಚೀಲದಲ್ಲಿ, ಕೂಡಿಡುತ್ತದೆ. ಸೀಸ, ಕ್ರೋಮಿಯಂನಂಥವು ಹೆಚ್ಚಿನ ಪಾಲು ಬೇರಿನಲ್ಲೇ ಉಳಿಯುತ್ತವೆ, ಎಲೆಗೆ ಏರುವುದು ಕಡಿಮೆ.

ಗಿಡ ಕೊಳೆತರೂ ಲೋಹ ಕೊಳೆಯದು. ಲೆಕ್ಕ ಹಾಕಿ ನೋಡಿ. ಹಸಿ ಗಿಡದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಬರೀ ನೀರು, 100 ಕೆ.ಜಿ. ಒಣಗಿಸಿದರೆ 5ರಿಂದ 10 ಕೆ.ಜಿ. ಉಳಿದೀತು. ಆ ಒಣ ಪದಾರ್ಥದಲ್ಲಿ ಕೆ.ಜಿ.ಗೆ 3 ಮಿ.ಗ್ರಾಂ ಕ್ಯಾಡ್ಮಿಯಂ ಇದೆ ಎನ್ನಿ. ಕಳಿಯುವಾಗ ಅರ್ಧ ತೂಕ ಅನಿಲವಾಗಿ ಹೋದರೆ ಗೊಬ್ಬರದಲ್ಲಿ ಅದು 6 ಆಗುತ್ತದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಕಾಂಪೋಸ್ಟ್‌ಗೆ ಇರುವ ಮಿತಿ 5. ಸೀಸಕ್ಕೆ 100, ಕ್ರೋಮಿಯಂ ಮತ್ತು ನಿಕ್ಕಲ್‌ಗೆ 50, ಆರ್ಸೆನಿಕ್‌ಗೆ 10, ಎಲ್ಲವೂ ಕೆ.ಜಿ.ಗೆ ಮಿ.ಗ್ರಾಂ ಲೆಕ್ಕದಲ್ಲಿ.

ಆದ್ದರಿಂದ ಪರೀಕ್ಷೆ ಆಗುವ ತನಕ ಟೊಮೆಟೊಗೆ ಹಾಕಬೇಡಿ, ದನಗಳಿಗೂ ಹಾಕಬೇಡಿ. ಚರಂಡಿಗೆ ಎಲೆಕ್ಟ್ರೋಪ್ಲೇಟಿಂಗ್, ಬ್ಯಾಟರಿ ಅಥವಾ ಚರ್ಮ ಹದಮಾಡುವ ಘಟಕದ ನೀರು ಸೇರುತ್ತಿದ್ದರಂತೂ ಇದರಲ್ಲಿ ರಾಜಿಯೇ ಬೇಡ. ಮಾದರಿಗೆ ಕೆರೆಯ ಆರೇಳು ಕಡೆಯಿಂದ ಗಿಡ ತನ್ನಿ. ಬೇರನ್ನು ಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ. ಕುಚ್ಚಿನಲ್ಲಿ ಸಿಕ್ಕ ಕೆಸರು ಹಾಗೇ ಉಳಿದರೆ ಗಿಡದ ಬದಲು ಕೆಸರಿನ ಲೋಹವೇ ಅಳತೆಗೆ ಬರುತ್ತದೆ, ಇಲ್ಲಿ ಎಡವುವವರೇ ಹೆಚ್ಚು. ಬೇರು, ಎಲೆ ಬೇರೆ ಬೇರೆ ಮಾಡಿ, ನೆರಳಲ್ಲಿ ಒಣಗಿಸಿ, ಬೇರೆ ಬೇರೆ ಕಾಗದದ ಚೀಲದಲ್ಲಿ ಕೊಡಿ. ಪ್ರಯೋಗಾಲಯದಲ್ಲಿ ಭಾರಲೋಹ ಪರೀಕ್ಷೆಯನ್ನೇ ಕೇಳಿ. ಸಾಮಾನ್ಯ ಗೊಬ್ಬರ ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ನೋಡಿ ಕಳಿಸಿಬಿಡುವುದುಂಟು.

ಇನ್ನು ದಂಡೆಯ ರಾಶಿ. ಅದನ್ನು ಇವತ್ತೇ ಸಾಗಿಸಲು ಪಂಚಾಯಿತಿಗೆ ಹೇಳಿ. ಒಂದು ಜೋರು ಮಳೆ ಬಂದರೆ ಕೊಳೆತ ರಸ ಇಳಿದು ಪೊಟ್ಯಾಷ್, ರಂಜಕ, ಜೊತೆಗೆ ಲೋಹದ ಒಂದಷ್ಟು ಪಾಲು ಕೆರೆಗೇ ವಾಪಸು. ಆ ಸಾರ ಉಂಡು ಅಂತರಗಂಗೆ ಮತ್ತೆ ಹಬ್ಬುತ್ತದೆ. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುವ ಗಿಡ ಅದು.

ಪ್ರಶ್ನೆ: ಕೆರೆಯಂಚಿನಲ್ಲಿ ಕಿತ್ತ ಹೊನಗೊನ್ನೆ ಸೊಪ್ಪನ್ನು ಉಪ್ಪುನೀರಿನಲ್ಲಿ ತೊಳೆದರೆ ಸಾಕೇ? (ಬೆಂಗಳೂರಿನ ಗೃಹಿಣಿಯೊಬ್ಬರು)

ಉತ್ತರ: ಸಾಲದಮ್ಮ. ತೊಳೆದರೆ ಹೋಗುವುದು ಎಲೆಯ ಮೇಲಿನ ಕೆಸರು, ಧೂಳು. ಎಲೆಯ ಒಳಗೆ ಸೇರಿದ ಲೋಹಕ್ಕೆ ಉಪ್ಪು, ಅರಿಶಿನ ಏನೂ ಮಾಡಲಾರವು. ಬೇಯಿಸಿ ನೀರು ಬಸಿದರೆ ಸ್ವಲ್ಪ ಇಳಿದೀತು, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹೊನಗೊನ್ನೆ ಕುಂಡದಲ್ಲಿ ಸಲೀಸಾಗಿ ಬರುತ್ತದೆ: ಗೆಣ್ಣಿರುವ ನಾಲ್ಕು ಬೆರಳುದ್ದದ ತುಂಡುಗಳನ್ನು ತೇವದ ಮಣ್ಣಿಗೆ ಚುಚ್ಚಿ, ಆದರೆ ಆ ತುಂಡನ್ನೂ ಶುದ್ಧ ಜಾಗದಿಂದಲೇ ತನ್ನಿ.

ಪ್ರಶ್ನೆ: ನೀರಿನಂಚಿನ ಕೆಸು ಬಾಯಿ ತುರಿಸುವುದೂ ಲೋಹದಿಂದಲೇ? (ಸಾಗರದ ವಿದ್ಯಾರ್ಥಿ)

ಉತ್ತರ: ಅದು ಭಾರಲೋಹದ ವಿಷವಲ್ಲ, ಕ್ಯಾಲ್ಸಿಯಂ. ಬೇರಿನಿಂದ ಬಂದ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಗಿಡ ಆಕ್ಸಲೇಟ್ ಹರಳಾಗಿಸಿ, ಸೂಜಿಗಳ ಕಟ್ಟಿನಂತೆ ಕೋಶಗಳಲ್ಲಿ ಇಡುತ್ತದೆ. ಹಸಿ ಎಲೆ ಅಗಿದಾಗ ಆ ಕೋಶ ಒಡೆದು ಸೂಜಿಗಳು ನಾಲಿಗೆಗೆ ಚುಚ್ಚುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ತೊಟ್ಟಿನ ತೆಳು ಸೀಳನ್ನಿಟ್ಟರೆ ನಿಮ್ಮ ಕಾಲೇಜಿನಲ್ಲೇ ಕಾಣಬಹುದು. ಮನೆಯಲ್ಲಿ ಪತ್ರೊಡೆಗೆ ಹುಣಸೆ ಹುಳಿ ಹಾಕಿ ಬಹಳ ಹೊತ್ತು ಬೇಯಿಸುವುದು ಈ ತುರಿಕೆ ತಗ್ಗಲೆಂದೇ.